ಗರ್ಭಿಣಿಯರೂ ನಮ್ಮ ಎರಡು ಬೆಳೆಗಳೂ

ಕಾಫಿಯನ್ನೂ ಅಡಿಕೆಯನ್ನೂ ಬೆಳೆದು ಮಾರಿ ಬದುಕುವವನೊಬ್ಬ, ಅದೂ ಬೆಳೆಗಾರರ ಸಹಕಾರ ಸಂಘವೊಂದರ ಕಾರ್ಯದರ್ಶಿಯಾಗಿರುವವನು, ಆ ಎರಡು ಬೆಳೆಗಳನ್ನೇ ಕುರಿತು ಎಚ್ಚರಿಕೆಯ ಮಾತು ಬರೆಯಹೊರಟರೆ ಸದಸ್ಯರು ಏನೆಂದುಕೊಂಡಾರು ಎಂಬ ಅಳುಕು ನನಗೆ ಇಲ್ಲದಿಲ್ಲ. ಆಡಳಿತ ಮಂಡಳಿಯ ಹಿರಿಯರೊಬ್ಬರಿಗೆ ವಿಷಯ ತಿಳಿಸಿದಾಗ ಅವರು ನಕ್ಕು, "ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತಲ್ಲ ಮಾರಾಯ್ರೇ" ಎಂದರು. ಬೆಲೆ, ಗೊಬ್ಬರ, ಕೊಳೆರೋಗ, ಕಾಂಡಕೊರಕ ಇವುಗಳ ನಡುವೆ ನಮ್ಮ ಪತ್ರಿಕೆಯಲ್ಲಿ ಅಡುಗೆಮನೆಯ ಮಾತಿಗೆ ಜಾಗ ಸಿಗುವುದೇ ಅಪರೂಪ. ಆದರೂ ಬರೆಯುತ್ತಿದ್ದೇನೆ. ಕಾರಣ, ಸಂಗತಿ ನಡೆದದ್ದು ನನ್ನ ಮನೆಯಲ್ಲೇ.

ಎರಡು ವರ್ಷಗಳ ಹಿಂದೆ ನನ್ನ ಹಿರಿಯ ಮಗಳು ಚೊಚ್ಚಲ ಬಾಣಂತನಕ್ಕೆಂದು ಏಳನೆಯ ತಿಂಗಳಲ್ಲಿ ತವರಿಗೆ ಬಂದಳು. ಬೆಂಗಳೂರಿನ ಉದ್ಯೋಗ, ಓಡಾಟ, ಮುಖ ಬಿಳಿಚಿಕೊಂಡಿತ್ತು. ಉಪ್ಪರಿಗೆಯ ಮೆಟ್ಟಿಲು ಹತ್ತಿದರೆ ಏದುಸಿರು. ಬಸುರಿಗೆ ಇದೆಲ್ಲ ಇದ್ದದ್ದೇ ಎಂದು ನಾವು ಸುಮ್ಮನಿದ್ದೆವು. ಜೊತೆಗೆ ಹಸಿ ಅಕ್ಕಿ ಅಗಿಯುವ ಚಟ ಬೇರೆ ಹತ್ತಿತ್ತು. ಅಕ್ಕಿ ಡಬ್ಬಕ್ಕೆ ಕೈ ಹಾಕಿದಾಗಲೆಲ್ಲ ಅವಳ ಅಜ್ಜಿ "ಬಯಕೆ ಕಣೋ" ಎಂದು ನಗುತ್ತಿದ್ದರು. ಒಂದು ತಿಂಗಳು ಕಳೆದು ತಾಲ್ಲೂಕು ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 8.4 ಗ್ರಾಂ ಎಂದು ಬಂತು. ಗರ್ಭಿಣಿಯಲ್ಲಿ ಅದು 11ಕ್ಕಿಂತ ಕಡಿಮೆಯಾದರೆ ರಕ್ತಹೀನತೆ ಎನ್ನುತ್ತಾರೆ. 7ಕ್ಕಿಂತ ಇಳಿದರೆ ತೀವ್ರ ಅಪಾಯ. ಬೆಂಗಳೂರಿನಲ್ಲಿ ಐದನೆಯ ತಿಂಗಳಲ್ಲಿ ನೋಡಿದಾಗ 9.8 ಇತ್ತು. ಅಂದರೆ ತವರಿನ ಅನ್ನ, ತುಪ್ಪ, ಆರೈಕೆ ಇವುಗಳ ನಡುವೆ ರಕ್ತ ಏರುವ ಬದಲು ಇಳಿದಿತ್ತು. ಬಸುರಿನಲ್ಲಿ ರಕ್ತದ ನೀರಿನಂಶ ಹೆಚ್ಚುವುದರಿಂದ ಸ್ವಲ್ಪ ಇಳಿಯುವುದು ಸಹಜವಂತೆ. ಆದರೆ ಇಷ್ಟಲ್ಲ.

ಕಬ್ಬಿಣಾಂಶದ ಮಾತ್ರೆಯನ್ನು ಅವಳು ಒಂದು ದಿನವೂ ತಪ್ಪಿಸಿರಲಿಲ್ಲ. ವೈದ್ಯರಿಗೂ ಇದು ಸೋಜಿಗವೆನಿಸಿತು. ಆಗ ಪಕ್ಕದಲ್ಲಿದ್ದ ಸಿಸ್ಟರ್ ನನ್ನ ಹೆಂಡತಿಯನ್ನು ಕೇಳಿದರು: "ಅಮ್ಮಾ, ಮಾತ್ರೆ ಯಾವ ಹೊತ್ತಿಗೆ ಕೊಡ್ತೀರಿ?"

"ಬೆಳಿಗ್ಗೆ ತಿಂಡಿ ಆದ ಕೂಡಲೇ. ಮರೆಯಬಾರದು ಅಂತ ಕಾಫಿ ಲೋಟದ ಜೊತೆಗೇ ಇಟ್ಟು ಕೊಡ್ತೀನಿ."

"ಕಾಫಿಯಲ್ಲೇ ನುಂಗ್ತಾರಾ?"

"ಹೌದು."

ಸಿಸ್ಟರ್ ವೈದ್ಯರ ಮುಖ ನೋಡಿದರು. ವೈದ್ಯರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು.

ಮೆಟ್ಟುಗತ್ತಿಯ ಕಪ್ಪು

ನಾನು ಬಿ.ಎಸ್ಸಿ.ಯಲ್ಲಿ ರಸಾಯನಶಾಸ್ತ್ರ ಓದಿದವನು. ಕಾಲೇಜಿನ ಪ್ರಯೋಗಶಾಲೆಯಲ್ಲಿ ಫೀನಾಲ್ ಜಾತಿಯ ವಸ್ತುವನ್ನು ಗುರುತಿಸಲು ಫೆರಿಕ್ ಕ್ಲೋರೈಡ್ ದ್ರಾವಣದ ಎರಡು ಹನಿ ಹಾಕುತ್ತಿದ್ದೆವು. ಹಾಕಿದೊಡನೆ ನೇರಳೆಯೋ ಹಸಿರೋ ಕಪ್ಪೋ ಬಣ್ಣ ಏಳುತ್ತಿತ್ತು. ಫೆರಿಕ್ ಎಂದರೆ ಕಬ್ಬಿಣ. ಆ ಪರೀಕ್ಷೆಗೆ ಪೂರ್ತಿ ಅಂಕ ಪಡೆದವನ ಮನೆಯಲ್ಲೇ ಅದೇ ಪ್ರಯೋಗ ದಿನಾ ಬೆಳಿಗ್ಗೆ ಮಗಳ ಹೊಟ್ಟೆಯಲ್ಲಿ ನಡೆಯುತ್ತಿತ್ತು. ನನಗೆ ಹೊಳೆಯಲಿಲ್ಲ.

ರಸಾಯನಶಾಸ್ತ್ರ ಓದದವರಿಗೂ ಇದು ಗೊತ್ತಿರುವ ವಿಚಾರವೇ. ಹಸಿ ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಅಲಗು ರಾತ್ರಿ ಕಳೆಯುವಷ್ಟರಲ್ಲಿ ಕಪ್ಪಾಗಿರುತ್ತದೆ. ಬಾಳೆಕಾಯಿ ಹೆಚ್ಚಿದ ಕತ್ತಿಯೂ ಹಾಗೆಯೇ. ಸುಲಿಯುವವರ ಬೆರಳಿನ ಕಪ್ಪು ವಾರಗಟ್ಟಲೆ ಹೋಗದು. ಅಡಿಕೆಯನ್ನು ಬೇಯಿಸಿದಾಗ ಇಳಿಯುವ ಚೊಗರನ್ನು ನಾವು ಬತ್ತಿಸಿ ಬಣ್ಣಕ್ಕೆ ಇಡುತ್ತೇವಷ್ಟೆ. ಆ ಒಗರಿನ ಸಾರವೇ ಟ್ಯಾನಿನ್. ಚೊಗರಿಗೆ ತುಕ್ಕು ಹಿಡಿದ ಮೊಳೆಯೊಂದನ್ನು ಹಾಕಿ ನೋಡಿ, ಬೆಳಗಾಗುವಷ್ಟರಲ್ಲಿ ಮಸಿಯಾಗಿರುತ್ತದೆ. ಒಗರು ಕಬ್ಬಿಣವನ್ನು ಕಂಡರೆ ಹಿಡಿದುಕೊಳ್ಳುತ್ತದೆ, ಹಿಡಿದುಕೊಂಡ ಮೇಲೆ ಬಿಡುವುದಿಲ್ಲ.

ಕಾಫಿಯಲ್ಲಿಯೂ ಇದೇ ಕುಲದ ವಸ್ತುಗಳಿವೆ, ಅವುಗಳಲ್ಲಿ ಮುಖ್ಯವಾದದ್ದು ಕ್ಲೋರೋಜೆನಿಕ್ ಆಮ್ಲ. ಚಹಾದಲ್ಲಿ ಒಗರು ಇನ್ನೂ ಹೆಚ್ಚು. ನಾವು ತಿನ್ನುವ ಸೊಪ್ಪು, ಕಾಳು, ರಾಗಿ, ಅಕ್ಕಿ ಇವುಗಳ ಕಬ್ಬಿಣಾಂಶವನ್ನು ಕರುಳು ಹೀರಿಕೊಳ್ಳುವುದೇ ಕಷ್ಟ. ನೂರು ಪಾಲಿನಲ್ಲಿ ಹತ್ತು ಪಾಲು ದಕ್ಕಿದರೆ ದೊಡ್ಡದು. ಅದರ ಮೇಲೆ ಒಂದು ಲೋಟ ಡಿಕಾಕ್ಷನ್ ಹೋಗಿ ಕುಳಿತರೆ ಬಂದದ್ದರಲ್ಲಿ ಬಹುಪಾಲು ಮಲದಲ್ಲೇ ಹೊರಗೆ ಹೋಗುತ್ತದೆ.

ಎಷ್ಟು ಪಾಲು ಎಂಬುದಕ್ಕೆ ಲೆಕ್ಕವಿದೆ. 1983ರಲ್ಲಿ ಅಮೆರಿಕದ ಸಂಶೋಧಕರು ಊಟದ ಜೊತೆ ಒಂದು ಲೋಟ ಕಾಫಿ ಕೊಟ್ಟು ನೋಡಿದಾಗ ಕಬ್ಬಿಣಾಂಶದ ಹೀರಿಕೆ ಶೇಕಡಾ 39ರಷ್ಟು ಕುಸಿದಿತ್ತು. ಚಹಾಕ್ಕಾದರೆ ಶೇಕಡಾ 64. ಅದೇ ಪ್ರಯೋಗದಲ್ಲಿ ಇನ್ನೊಂದು ಸಂಗತಿಯೂ ಹೊರಬಿತ್ತು. ನನ್ನ ದೃಷ್ಟಿಯಲ್ಲಿ ನಮಗೆ ಅದೇ ಮುಖ್ಯ. ಊಟಕ್ಕೆ ಒಂದು ಗಂಟೆ ಮೊದಲು ಕಾಫಿ ಕುಡಿದರೆ ಏನೂ ನಷ್ಟವಾಗಲಿಲ್ಲ. ಊಟವಾಗಿ ಒಂದು ಗಂಟೆಯ ಮೇಲೆ ಕುಡಿದರೆ ಮಾತ್ರ ಊಟದ ಜೊತೆಗೇ ಕುಡಿದಷ್ಟು ನಷ್ಟವಾಯಿತು. ನಮ್ಮ ಪದ್ಧತಿಯಾದರೋ ಊಟ ಮುಗಿಸಿ ಕೈತೊಳೆದು ಜಗಲಿಗೆ ಬಂದ ಮೇಲೆ ಕಾಫಿ!

ಮಾತ್ರೆಯ ವಿಷಯ 2023ರಲ್ಲಿ ಇನ್ನೂ ಸ್ಪಷ್ಟವಾಯಿತು. ಸ್ವಿಟ್ಜರ್ಲೆಂಡಿನಲ್ಲಿ ಕಬ್ಬಿಣಾಂಶದ ಕೊರತೆಯಿದ್ದ ಹೆಂಗಸರಿಗೆ ಮಾತ್ರೆಯನ್ನು ಬರೀ ನೀರಿನಲ್ಲಿ ಒಂದು ದಿನ, ಕಾಫಿಯ ಜೊತೆ ಇನ್ನೊಂದು ದಿನ ಕೊಟ್ಟು ಹೋಲಿಸಿದರು. ಕಾಫಿಯ ಜೊತೆ ನುಂಗಿದಾಗ ಹೀರಿಕೆ ಶೇಕಡಾ 54 ಕಡಿಮೆ. ಕಾಫಿಯೂ ಸೇರಿದ ಬೆಳಗಿನ ತಿಂಡಿಯ ಜೊತೆಗಾದರೆ ಶೇಕಡಾ 66 ಕಡಿಮೆ. ಸಿ ಜೀವಸತ್ವದ ಜೊತೆ ಕೊಟ್ಟಾಗ ಶೇಕಡಾ 30ರಷ್ಟು ಹೆಚ್ಚು. ಅವರು ಗರ್ಭಿಣಿಯರಲ್ಲ, ನಿಜ. ಆದರೆ ಕರುಳಿನೊಳಗಿನ ರಸಾಯನ ಬಸುರಿಯಲ್ಲೂ ಬೇರೆಯಾಗದು. ನನ್ನ ಮಗಳಿಗೆ ಕೊಟ್ಟ ಮೂರು ಮಾತ್ರೆಗಳಲ್ಲಿ ಎರಡನ್ನು ಹೆಚ್ಚುಕಡಿಮೆ ನಾವೇ ಕಸಿದುಕೊಂಡಂತಾಯಿತು.

ಬಸುರಿನ ಅಷ್ಟೂ ತಿಂಗಳಿಗೆ ತಾಯಿಯ ದೇಹಕ್ಕೆ ಹೆಚ್ಚುವರಿಯಾಗಿ ಬೇಕಾಗುವ ಕಬ್ಬಿಣ ಸುಮಾರು 1 ಗ್ರಾಂ, ಒಂದು ಸಣ್ಣ ಮೊಳೆಯ ತೂಕ. ಮಗು ತನ್ನ ಪಾಲನ್ನು ಬಹುಮಟ್ಟಿಗೆ ಕೊನೆಯ ಮೂರು ತಿಂಗಳಲ್ಲಿ ಸೆಳೆದುಕೊಳ್ಳುತ್ತದೆ, ಅಂದರೆ ಹೆಣ್ಣುಮಕ್ಕಳು ತವರಿನಲ್ಲಿ ಇರುವ ಕಾಲದಲ್ಲಿ. ಕೊರತೆಯಾದರೆ ದಿನ ತುಂಬುವ ಮೊದಲೇ ಹೆರಿಗೆ, ತೂಕವಿಲ್ಲದ ಮಗು; ಹೆರಿಗೆಯಲ್ಲಿ ರಕ್ತ ಹೋದರೆ ತಡೆದುಕೊಳ್ಳುವ ಶಕ್ತಿ ತಾಯಿಗಿರುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಗರ್ಭಿಣಿಯರಲ್ಲಿ ಶೇಕಡಾ 52ರಷ್ಟು ಮಂದಿಗೆ ರಕ್ತಹೀನತೆ. ನಮ್ಮ ರಾಜ್ಯದಲ್ಲಿ ಶೇಕಡಾ 45ರ ಆಸುಪಾಸು. ಇದೆಲ್ಲ ಕಾಫಿಯಿಂದ ಬಂದದ್ದೆಂದು ಯಾರೂ ಹೇಳುವುದಿಲ್ಲ, ನಾನೂ ಹೇಳುತ್ತಿಲ್ಲ. ಜಂತುಹುಳು, ಹತ್ತಿರದ ಹೆರಿಗೆಗಳು, ತಟ್ಟೆಯಲ್ಲಿ ಸೊಪ್ಪುಕಾಳಿನ ಬಡತನ, ಹೀಗೆ ಕಾರಣಗಳು ಹಲವು. ಆದರೆ ಕಾಸು ಖರ್ಚಿಲ್ಲದೆ ಸರಿಪಡಿಸಬಹುದಾದ ಕಾರಣ ಇದೊಂದು.

ಅಂದಹಾಗೆ ಹಸಿ ಅಕ್ಕಿ, ಮಣ್ಣು, ಸೀಮೆಸುಣ್ಣ ತಿನ್ನುವ ಆಸೆಯನ್ನು ಬಯಕೆಯೆಂದು ನಕ್ಕು ಬಿಡಬೇಡಿ. ಬಹಳ ಸಲ ಅದು ಕಬ್ಬಿಣಾಂಶದ ಕೊರತೆಯ ಗುರುತು.

ಹೊತ್ತಿನ ಲೆಕ್ಕ

ಮಲೆನಾಡಿನ ತೋಟದ ಮನೆಯಲ್ಲಿ ಕಾಫಿಯ ಹೊತ್ತು ಹೀಗಿದೆ: ಎದ್ದ ಕೂಡಲೇ ಒಂದು, ತಿಂಡಿಯ ಮೇಲೆ ಒಂದು, ಹತ್ತೂವರೆಗೆ ಯಾರಾದರೂ ಬಂದರೆಂದು ಒಂದು, ಮಧ್ಯಾಹ್ನ ಮಲಗಿ ಎದ್ದ ಮೇಲೆ ಒಂದು, ಸಂಜೆ ಮಳೆಗೆ ಒಂದು. ಬಂದವರ ಲೆಕ್ಕದಲ್ಲಿ ಮನೆಯ ಹೆಂಗಸರೂ ಕುಡಿಯುತ್ತಾರೆ. ಬಸುರಿಗೆ ಪ್ರತ್ಯೇಕ ಲೆಕ್ಕವಿಲ್ಲ.

ವೈದ್ಯರು ಹೇಳಿದ ಬದಲಾವಣೆ ಇಷ್ಟೆ. ದಿನಕ್ಕೆ ಎರಡೇ ಸಣ್ಣ ಲೋಟ. ಬೆಳಗ್ಗಿನದು ತಿಂಡಿಗೆ ಒಂದು ಗಂಟೆ ಮೊದಲು. ಸಂಜೆಯದು ನಾಲ್ಕು ಗಂಟೆಗೆ, ಮಧ್ಯಾಹ್ನದ ಊಟ ಕರಗಿದ ಮೇಲೆ. ಮಾತ್ರೆಯನ್ನು ಹನ್ನೊಂದು ಗಂಟೆಗೆ ನಿಂಬೆಹಣ್ಣಿನ ಪಾನಕದಲ್ಲಿ ನುಂಗುವುದು. ಸುಣ್ಣದಂಶದ ಮಾತ್ರೆಯನ್ನು ಅದರ ಜೊತೆ ಸೇರಿಸದೆ ಊಟದ ಹೊತ್ತಿಗೆ ಇಟ್ಟುಕೊಳ್ಳುವುದು. ಏಕೆಂದರೆ ಅದೂ ಕಬ್ಬಿಣಾಂಶಕ್ಕೆ ಅಡ್ಡ ಬರುತ್ತದೆ. ಇದೇ ಕಾರಣಕ್ಕೆ ಹಾಲಿನಲ್ಲಿಯೂ ಮಾತ್ರೆ ನುಂಗಬಾರದು.

ಇಲ್ಲೊಂದು ತೊಡಕು ಬಂತು. ಬರೀ ಹೊಟ್ಟೆಗೆ ಕಾಫಿ ಬಿದ್ದರೆ ಮಗಳಿಗೆ ಎದೆಯುರಿ, ಹುಳಿ ತೇಗು. ಬಸುರಿಯರಲ್ಲಿ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಅನ್ನನಾಳದ ಕೆಳಬಾಯಿಯ ಬಿಗಿಯನ್ನು ಸಡಿಲಿಸುತ್ತದೆ. ಬೆಳೆಯುವ ಗರ್ಭ ಕೆಳಗಿನಿಂದ ಒತ್ತುತ್ತದೆ. ಹೊಟ್ಟೆಯ ಹುಳಿ ಮೇಲಕ್ಕೆ ಬರುತ್ತದೆ. ಕಾಫಿ ಹೊಟ್ಟೆಯ ಹುಳಿಯನ್ನು ಮತ್ತಷ್ಟು ಸುರಿಸುತ್ತದೆ. ಹಾಗೆಂದು ತಿಂಡಿಯ ಮೇಲೆ ಕುಡಿದರೆ ಕಬ್ಬಿಣಾಂಶ ಹೋಯಿತು. ಕೊನೆಗೆ ಬೆಳಗ್ಗಿನ ಕಾಫಿಗೆ ಮೊದಲು ಒಂದು ಬಾಳೆಹಣ್ಣು ಅಥವಾ ಎರಡು ರಸ್ಕು ಎಂದು ಅವಳ ಅಮ್ಮ ದಾರಿ ಕಂಡುಕೊಂಡಳು. ಅವುಗಳಿಂದ ಕಳೆದುಕೊಳ್ಳಲು ಹೆಚ್ಚಿನ ಕಬ್ಬಿಣಾಂಶವೇನೂ ಇಲ್ಲ. ಹತ್ತೂವರೆಯ ಕಾಫಿಯ ಜಾಗಕ್ಕೆ ಮಜ್ಜಿಗೆಯೋ ಪುನರ್ಪುಳಿ ಪಾನಕವೋ, ಮಳೆ ಹಿಡಿದ ದಿನ ಕೊತ್ತಂಬರಿ ಜೀರಿಗೆಯ ಕಷಾಯವೋ ಬಂತು. ಈ ಕಷಾಯ ನಮ್ಮ ಅಜ್ಜಿಯರ ಕಾಲದಲ್ಲಿ ಎಲ್ಲರ ಮನೆಯ ಒಲೆಯ ಮೇಲೂ ಇರುತ್ತಿತ್ತು. ಕಾಫಿ ಬಂದು ಅದನ್ನು ಜ್ವರದ ಮದ್ದಿನ ಮಟ್ಟಕ್ಕೆ ಇಳಿಸಿತು.

ಇನ್ನು ಮಾತ್ರೆಯ ಕಾಟ. ಕಬ್ಬಿಣದ ಮಾತ್ರೆ ತಿಂದರೆ ಮಲ ಕಪ್ಪಗಾಗುತ್ತದೆ, ಮಲಬದ್ಧತೆಯಾಗುತ್ತದೆ, ಕೆಲವರಿಗೆ ಓಕರಿಕೆ. ಹಳ್ಳಿಯ ಎಷ್ಟೋ ಹೆಂಗಸರು ಈ ಕಾರಣಕ್ಕೆ ಮಾತ್ರೆಯನ್ನು ಬಾವಿಕಟ್ಟೆಯ ಹಿಂದೆ ಎಸೆಯುತ್ತಾರೆ ಎಂದು ಆಶಾ ಕಾರ್ಯಕರ್ತೆಯೊಬ್ಬರು ನನಗೆ ಹೇಳಿದರು. ಮಲಬದ್ಧತೆಗೆ ಅವರೇ ಮಾಡಿಕೊಳ್ಳುವ ಮದ್ದು ಯಾವುದು? ಬಿಸಿ ಕಾಫಿ! ಕಾಫಿ ದೊಡ್ಡ ಕರುಳನ್ನು ಚುರುಕುಗೊಳಿಸುವುದು ನಿಜ, ನಮ್ಮಲ್ಲಿ ಅನೇಕರಿಗೆ ಬೆಳಗ್ಗಿನ ಕಾಫಿಯಿಲ್ಲದೆ ಹೊಟ್ಟೆ ಹಗುರಾಗುವುದಿಲ್ಲ. ಹೀಗೆ ಮಾತ್ರೆಯ ಕಾಟಕ್ಕೆ ಕಾಫಿ, ಕಾಫಿಯಿಂದ ಮಾತ್ರೆಯ ನಷ್ಟ ಎಂದು ಗಾಣದ ಎತ್ತಿನ ಸುತ್ತು ನಡೆಯುತ್ತದೆ. ಬಾಳೆದಿಂಡಿನ ಪಲ್ಯ, ಹರಿವೆ ಬಸಳೆ, ಮಾಗಿದ ಪಪ್ಪಾಯಿ, ಬೇಕಾದಷ್ಟು ನೀರು ಇವು ನಮ್ಮ ಹಿತ್ತಿಲಲ್ಲೇ ಇರುವಾಗ ಆ ಸುತ್ತಿಗೆ ಬೀಳಬೇಕಿಲ್ಲ. ಬರೀ ಹೊಟ್ಟೆಗೆ ಓಕರಿಕೆ ಬಂದರೆ ಮಾತ್ರೆಯನ್ನು ರಾತ್ರಿ ಊಟದ ಮೇಲೆ ನುಂಗಬಹುದು. ಹೀರಿಕೆ ಸ್ವಲ್ಪ ತಗ್ಗಿದರೂ ಬಿಟ್ಟುಬಿಡುವುದಕ್ಕಿಂತ ಎಷ್ಟೋ ಮೇಲು.

ಪಪ್ಪಾಯಿ ಎಂದೊಡನೆ ಕೆಲವು ಅತ್ತೆಯಂದಿರು ಹೌಹಾರುವುದುಂಟು. ಕಾಯಿಯ ಹಾಲಿನಲ್ಲಿ ಗರ್ಭಕೋಶವನ್ನು ಸಂಕುಚಿಸುವ ಗುಣ ಇಲಿಗಳ ಮೇಲಿನ ಪ್ರಯೋಗದಲ್ಲಿ ಕಂಡುಬಂದಿದೆ, ಆದ್ದರಿಂದ ಹಸಿ ಪಪ್ಪಾಯಿ ಬೇಡವೆಂಬ ಹಿರಿಯರ ಮಾತು ಪೊಳ್ಳಲ್ಲ. ಚೆನ್ನಾಗಿ ಮಾಗಿದ ಹಣ್ಣಿಗೆ ಆ ದೋಷ ಕಾಣಲಿಲ್ಲ. ನಮ್ಮ ಮನೆಗಳಲ್ಲಿ ಹಣ್ಣಿಗೆ ನಿಷೇಧ, ಐದು ಲೋಟ ಕಾಫಿಗೆ ಪರವಾನಗಿ. ಬೆಲ್ಲದ ಕಾಫಿ ಕುಡಿದರೆ ರಕ್ತ ಹೆಚ್ಚುತ್ತದೆ ಎಂಬ ಮಾತನ್ನೂ ಕೇಳಿದ್ದೇನೆ. ಬೆಲ್ಲದಲ್ಲಿ ಸ್ವಲ್ಪ ಕಬ್ಬಿಣಾಂಶವಿದ್ದರೂ ಅದನ್ನು ಕಾಫಿಯಲ್ಲಿ ಕದಡಿದ ಮೇಲೆ ಏನಾಗುತ್ತದೆಂದು ಮತ್ತೆ ಹೇಳಬೇಕಾಗಿಲ್ಲ.

ಮಾಂಸಾಹಾರಿಗಳಿಗೆ ಇಲ್ಲೊಂದು ಅನುಕೂಲವಿದೆ. ಮೀನು, ಕೋಳಿ, ಕುರಿ ಮಾಂಸದ ಕಬ್ಬಿಣಾಂಶದಲ್ಲಿ ಒಂದು ಪಾಲು ಬೇರೆ ರೂಪದಲ್ಲಿರುವುದರಿಂದ ಕಾಫಿಯ ಒಗರು ಅದನ್ನು ಅಷ್ಟಾಗಿ ತಟ್ಟುವುದಿಲ್ಲ. ಸಸ್ಯಾಹಾರಿಗಳಾದ ನಮ್ಮ ಮನೆಗಳಿಗೆ ಹುರುಳಿ ಸಾರು, ಮೊಳಕೆ ಬರಿಸಿದ ಹೆಸರು, ಮೊಳಕೆ ರಾಗಿಯ ಹಿಟ್ಟು, ಇವುಗಳ ಜೊತೆ ನಿಂಬೆಯೋ ನೆಲ್ಲಿಯೋ ಹುಳಿಯಾಗಿ ಇರಬೇಕು. ಮೊಳಕೆ ಬರಿಸಿದಾಗ ಕಾಳಿನಲ್ಲಿ ಕಬ್ಬಿಣಾಂಶವನ್ನು ಹಿಡಿದಿಡುವ ಫೈಟೇಟ್ ಎಂಬ ವಸ್ತು ಕಡಿಮೆಯಾಗುತ್ತದೆ. ರಾಗಿಯಲ್ಲಿ 100 ಗ್ರಾಮಿಗೆ ಸುಮಾರು 350 ಮಿಲಿಗ್ರಾಂ ಸುಣ್ಣದಂಶವೂ ಇದೆ. ಮಲೆನಾಡಿನ ನಾವು ಅದನ್ನು ಬಯಲುಸೀಮೆಯವರ ಆಹಾರವೆಂದು ಬದಿಗಿಟ್ಟಿದ್ದೇವೆ.

ಕಾಫಿಯೋ, ಹಾಲೋ?

"ನನಗೆ ಕಾಫಿ ಒಗ್ಗುವುದಿಲ್ಲ, ಹೊಟ್ಟೆ ಉಬ್ಬರಿಸುತ್ತದೆ" ಎನ್ನುವವರು ಬಹಳ. ನಾನೂ ಹತ್ತು ವರ್ಷ ಹಾಗೇ ಹೇಳಿಕೊಂಡು ತಿರುಗಿದೆ. ಒಮ್ಮೆ ಹಾಲು ಒಡೆದುಹೋಗಿ ಎರಡು ದಿನ ಕರಿ ಕಾಫಿ ಕುಡಿದಾಗ ಹೊಟ್ಟೆ ಸದ್ದಿಲ್ಲದೆ ಇತ್ತು. ತಪ್ಪು ಹಾಲಿನದು. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಕರಗಿಸುವ ಶಕ್ತಿ ಎಳೆತನ ಕಳೆದ ಮೇಲೆ ಅನೇಕರಲ್ಲಿ ಕುಗ್ಗುತ್ತದೆ. 1981ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಉತ್ತರ ಭಾರತೀಯರಲ್ಲಿ ಶೇಕಡಾ 27ರಷ್ಟು ಮಂದಿಗೆ ಈ ತೊಂದರೆ ಕಂಡರೆ ದಕ್ಷಿಣ ಭಾರತೀಯರಲ್ಲಿ ಶೇಕಡಾ 66ರಷ್ಟು ಮಂದಿಗಿತ್ತು. ಒಂದು ಲೋಟ ಕಾಫಿಯ ಹಾಲನ್ನು ಬಹುಮಂದಿ ತಾಳಿಕೊಳ್ಳುತ್ತಾರೆ. ಮೂರು ನಾಲ್ಕು ಲೋಟವಾದರೆ ಗುಡುಗುಡು.

ಬಸುರಿಯ ವಿಷಯದಲ್ಲಿ ಇದು ಏಕೆ ಮುಖ್ಯವೆಂದರೆ, ಹೊಟ್ಟೆಗಾಗದೆಂದು ಆಕೆ ಹಾಲನ್ನು ಪೂರ್ತಿ ಬಿಟ್ಟರೆ ಸುಣ್ಣದಂಶಕ್ಕೆ ಕೊರತೆ ಬರುತ್ತದೆ. ಮೊಸರು ಮಜ್ಜಿಗೆಗಳಲ್ಲಿ ಹೆಪ್ಪಿನ ಜೀವಾಣುಗಳು ಆ ಸಕ್ಕರೆಯ ಒಂದು ಪಾಲನ್ನು ತಿಂದಿರುವುದರಿಂದ ಅವು ಸಾಮಾನ್ಯವಾಗಿ ಒಗ್ಗುತ್ತವೆ. ದೊಡ್ಡ ಲೋಟದಲ್ಲಿ ಹಾಲು ಕುಡಿಸುವ ಬದಲು ಎರಡು ಹೊತ್ತು ಮೊಸರು ಬಡಿಸಿದರೆ ಸಾಕು.

ಕೆಫೀನಿನ ಪ್ರಮಾಣ

ಒಗರಿನ ಮಾತಾಯಿತು, ಕೆಫೀನಿನದು ಬೇರೆ. ಸಾಮಾನ್ಯರಲ್ಲಿ ದೇಹದೊಳಗಿನ ಕೆಫೀನು ಅರ್ಧಕ್ಕಿಳಿಯಲು ಸುಮಾರು 5 ಗಂಟೆ ಬೇಕು. ಬಸುರಿನ ಕೊನೆಯ ತಿಂಗಳುಗಳಲ್ಲಿ ಅದಕ್ಕೆ 15 ಗಂಟೆಯವರೆಗೂ ಹಿಡಿಯುತ್ತದೆ. ಸಂಜೆ ಕುಡಿದದ್ದು ಬೆಳಗಿನ ತನಕ ರಕ್ತದಲ್ಲಿರುತ್ತದೆ. ಮಾಸಿನ ಮೂಲಕ ಮಗುವಿಗೂ ಹೋಗುತ್ತದೆ, ಅದನ್ನು ಕರಗಿಸುವ ಕಿಣ್ವ ಮಗುವಿನಲ್ಲಿ ಇನ್ನೂ ಬೆಳೆದಿರುವುದಿಲ್ಲ. ಬ್ರಿಟನ್ನಿನಲ್ಲಿ 2,635 ಗರ್ಭಿಣಿಯರನ್ನು ಗಮನಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆಚ್ಚು ಕೆಫೀನು ಸೇವಿಸಿದವರ ಮಕ್ಕಳ ಬೆಳವಣಿಗೆ ಗರ್ಭದಲ್ಲೇ ಕುಂಠಿತವಾಗುವ ಸಂಭವ ಹೆಚ್ಚೆಂದು ಕಂಡುಬಂತು. ಆ ಬಳಿಕ ಅಲ್ಲಿ ಗರ್ಭಿಣಿಯರ ಮಿತಿಯನ್ನು ದಿನಕ್ಕೆ 300ರಿಂದ 200 ಮಿಲಿಗ್ರಾಮಿಗೆ ಇಳಿಸಿದರು. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಕೊಟ್ಟ ಸಲಹೆ, 300 ಮೀರುವ ಗರ್ಭಿಣಿಯರು ಕಡಿಮೆ ಮಾಡಬೇಕೆಂದು.

ನಮ್ಮ ಲೋಟದಲ್ಲಿ ಎಷ್ಟಿದೆ? ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಂತೆ 150 ಮಿಲಿಲೀಟರ್ ಇಳಿಸಿದ ಕಾಫಿಯಲ್ಲಿ 80ರಿಂದ 120 ಮಿಲಿಗ್ರಾಂ, ದಿಢೀರ್ ಕಾಫಿಯಲ್ಲಿ 50ರಿಂದ 65, ಚಹಾದಲ್ಲಿ 30ರಿಂದ 65. ಊಟಕ್ಕೆ ಒಂದು ಗಂಟೆ ಮೊದಲೂ ಒಂದು ಗಂಟೆ ಆಮೇಲೂ ಎರಡೂ ಬೇಡವೆಂದು ಅದೇ ಮಾರ್ಗಸೂಚಿ ಹೇಳುತ್ತದೆ. ಬೆಳೆಗಾರರಾಗಿ ನಾವು ಇದಕ್ಕೊಂದು ತಿದ್ದುಪಡಿ ಸೇರಿಸಬೇಕು: ಅರೇಬಿಕಾಕ್ಕಿಂತ ರೋಬಸ್ಟಾದಲ್ಲಿ ಕೆಫೀನು ಹತ್ತಿರ ಹತ್ತಿರ ಎರಡರಷ್ಟು. ಒಳ್ಳೆಯ ಅರೇಬಿಕಾವನ್ನು ಕ್ಯೂರಿಂಗಿಗೆ ಕಳುಹಿಸಿ, ಮನೆಗೆ ರೋಬಸ್ಟಾ ಚೆರಿಯನ್ನು ಹುರಿದು ಪುಡಿ ಮಾಡಿಕೊಳ್ಳುವುದು ನಮ್ಮ ಪೈಕಿ ಬಹಳ ಮನೆಗಳ ಪದ್ಧತಿ. ಅಂಥ ಮನೆಯ ಮಂದ ಡಿಕಾಕ್ಷನ್ನಿನ ಎರಡು ಲೋಟದಲ್ಲೇ ಮಿತಿ ಮುಗಿಯಬಹುದು. ಚಿಕೋರಿಯಲ್ಲಿ ಕೆಫೀನಿಲ್ಲ, ಚಿಕೋರಿ ಬೆರೆತಷ್ಟೂ ಲೆಕ್ಕ ಇಳಿಯುತ್ತದೆ. ಚಿಕೋರಿಯ ಪರವಾಗಿ ನಾನು ಬರೆಯುವುದು ಇದೇ ಮೊದಲು, ಬಹುಶಃ ಇದೇ ಕೊನೆ.

ತಾಂಬೂಲದ ತಟ್ಟೆ

ಅಡಿಕೆಯ ವಿಷಯ ಬರೆಯುವುದು ಇನ್ನೂ ಕಷ್ಟ. ಅದರ ಮೇಲೆ ಬಂದ ಆರೋಪಗಳಿಗೆಲ್ಲ ನಾವು ತಂಬಾಕಿನ ಕಡೆ ಬೆರಳು ತೋರಿಸಿ ಉತ್ತರ ಕೊಡುವುದು ರೂಢಿ. 2003ರಲ್ಲಿ ಸಭೆ ಸೇರಿದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ತಜ್ಞರು ತಂಬಾಕಿಲ್ಲದ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಮೊದಲ ಪಟ್ಟಿಗೆ ಸೇರಿಸಿದ್ದು ನಮಗೆಲ್ಲ ಗೊತ್ತು. ಆ ವಿವಾದ ಈ ಲೇಖನದ ವ್ಯಾಪ್ತಿಗೆ ಹೊರತು. ಮಾರುಕಟ್ಟೆಯ ಚಿಂತೆಯನ್ನು ಮಾರುಕಟ್ಟೆಯ ಪುಟದಲ್ಲಿ ಮಾಡೋಣ. ಬಸುರಿಯ ಬಾಯಿಯ ಮಾತಷ್ಟೇ ಇಲ್ಲಿ.

ಊಟದ ಮೇಲೆ ಎಲೆ ಅಡಿಕೆ ಜೀರ್ಣಕ್ಕೆ ಒಳ್ಳೆಯದೆಂಬ ಮಾತಿಗೆ ಆಧಾರವಿಲ್ಲದಿಲ್ಲ. ಅಡಿಕೆಯ ಅರೆಕೋಲಿನ್ ಎಂಬ ಸಾರ ಜೊಲ್ಲನ್ನು ಸುರಿಸುತ್ತದೆ, ಕರುಳನ್ನು ಚಲಿಸುತ್ತದೆ. ಓಕರಿಕೆಯ ತಿಂಗಳುಗಳಲ್ಲಿ ಬಾಯಿ ಸಪ್ಪೆಯಾದ ಹೆಂಗಸರು ಇದನ್ನು ಬಯಸುವುದೂ ಸಹಜ. ಆದರೆ ಅದೇ ಅರೆಕೋಲಿನ್ ಮಗುವಿನವರೆಗೂ ಹೋಗುತ್ತದೆ. ಸ್ಪೇನಿನಲ್ಲಿ, ಅಡಿಕೆ ಜಗಿಯುವ ಏಷ್ಯಾ ಮೂಲದ ತಾಯಂದಿರಿಗೆ ಹುಟ್ಟಿದ ಶಿಶುಗಳ ಮೊದಲ ಮಲದಲ್ಲಿ ಅದನ್ನು ಪತ್ತೆ ಮಾಡಿದ್ದಾರೆ. ತೈವಾನಿನಲ್ಲೂ ಪಪುವಾ ನ್ಯೂಗಿನಿಯಲ್ಲೂ ನಡೆದ ಅಧ್ಯಯನಗಳು, ಬಸುರಿನಲ್ಲಿ ಅಡಿಕೆ ಜಗಿದವರ ಮಕ್ಕಳ ತೂಕ ಕಡಿಮೆಯಿತ್ತೆಂದು ಹೇಳುತ್ತವೆ. ಥಾಯ್ಲೆಂಡ್-ಮ್ಯಾನ್ಮಾರ್ ಗಡಿಯಲ್ಲಿ ನಡೆದ ಇನ್ನೊಂದು ಅಧ್ಯಯನ ಅಂಥ ವ್ಯತ್ಯಾಸ ಕಾಣಲಿಲ್ಲ ಎನ್ನುತ್ತದೆ. ಬೆಳೆಗಾರನಾಗಿ ನನಗೆ ಈ ಕೊನೆಯದನ್ನು ಮಾತ್ರ ಉದ್ಧರಿಸುವ ಆಸೆ ಆಗದಿರಲಿಲ್ಲ. ಆದರೆ ಸಂಶಯವಿರುವಲ್ಲಿ ಹೊಟ್ಟೆಯೊಳಗಿನ ಕೂಸಿನ ಮೇಲೆ ಪರೀಕ್ಷೆ ಮಾಡಲು ಯಾರಿಗೂ ಹಕ್ಕಿಲ್ಲವೆಂದು ನನ್ನ ಅಭಿಪ್ರಾಯ. ಮೇಲಾಗಿ ಚೊಗರಿನ ಕತೆ ಇಲ್ಲಿಯೂ ಇದ್ದೇ ಇದೆ. ಊಟದ ಮೇಲೆ ಜಗಿದ ಅಡಿಕೆಯ ಒಗರು ಊಟದ ಕಬ್ಬಿಣಾಂಶವನ್ನು ಬಿಡುವುದಿಲ್ಲ. ಇನ್ನು ಹೊಗೆಸೊಪ್ಪು ಸೇರಿದರೆ ಮಗುವಿಗೆ ಹಾನಿಯೆಂಬುದರಲ್ಲಿ ಸಂಶಯವೇ ಇಲ್ಲ. ಸೀಮಂತದ ತಟ್ಟೆಯಲ್ಲಿ ಅಡಿಕೆ ಇರಲಿ, ಶಾಸ್ತ್ರಕ್ಕೆ ಅದು ಬೇಕು. ಬಸುರಿ ಅದನ್ನು ಜಗಿಯುವುದು ಬೇಡ.

ಸುಲಿಯುವ ಜಗಲಿಯಲ್ಲಿ

ಮಗಳ ಪ್ರಕರಣ ಮುಗಿದ ಮೇಲೆ ನನ್ನ ಕಣ್ಣು ಹೋದದ್ದು ಅಡಿಕೆ ಸುಲಿಯುವ ಜಗಲಿಯ ಕಡೆಗೆ. ಕೊಯ್ಲಿನ ಕಾಲದಲ್ಲಿ ಒಂಬತ್ತು ಹತ್ತು ಮಂದಿ ಹೆಂಗಸರು ರಾತ್ರಿ ಹನ್ನೆರಡರವರೆಗೆ ಮೆಟ್ಟುಗತ್ತಿಯ ಮುಂದೆ ಕೂರುತ್ತಾರೆ. ನಿದ್ದೆ ಬಾರದಿರಲೆಂದು ನಾವು ಧಾರಾಳವಾಗಿ ಕೊಡುವುದು ಎರಡು: ಕಾಫಿ, ಎಲೆ ಅಡಿಕೆ. ಎಂಟೂವರೆಗೆ ಊಟ, ಊಟದ ಬೆನ್ನಿಗೇ ಕಾಫಿ, ಹತ್ತಕ್ಕೆ ಮತ್ತೊಂದು. ಇವರಲ್ಲಿ ಬಸುರಿಯರೂ ಇರುತ್ತಾರೆ. ಡಬ್ಬದ ಲೆಕ್ಕದ ಕೂಲಿಯಾದ್ದರಿಂದ ಏಳನೆಯ ತಿಂಗಳವರೆಗೂ ಬರುತ್ತಾರೆ. ನಮ್ಮ ಹೆಣ್ಣುಮಕ್ಕಳ ತಟ್ಟೆಯಲ್ಲಿ ತುಪ್ಪ ಹಾಲಾದರೂ ಇದೆ, ಇವರ ತಟ್ಟೆಯಲ್ಲಿ ಅನ್ನ ಸಾರು.

ಕಳೆದ ಸಲದಿಂದ ಹೊತ್ತು ಬದಲಾಯಿಸಿದೆವು. ಏಳಕ್ಕೆ ಕಾಫಿ, ಎಂಟೂವರೆಗೆ ಊಟ, ಆಮೇಲೆ ಹತ್ತೂಮುಕ್ಕಾಲರವರೆಗೆ ಕಾಫಿ ಇಲ್ಲ, ಬೇಕಾದವರಿಗೆ ಕಷಾಯ. ಮೊದಲ ರಾತ್ರಿ ಹಿರಿಯ ಸುಲಿತಗಾರ್ತಿಯೊಬ್ಬಳು, ನನ್ನ ತಂದೆಯ ಕಾಲದಿಂದ ಬರುವವಳು, ಕತ್ತಿ ಕೆಳಗಿಟ್ಟು, "ಏನಯ್ಯಾ, ಕಾಫಿ ತೋಟದ ಮನೇಲಿ ಊಟದ ಮೇಲೆ ಒಂದು ಲೋಟ ಕಾಫಿಗೂ ಬರ ಬಂತಾ?" ಎಂದಳು. ನನ್ನ ಹೆಂಡತಿ ಅವಳ ಕತ್ತಿಯ ಕಪ್ಪನ್ನೇ ತೋರಿಸಿ ವಿಷಯ ಹೇಳಿದಳು. ಅವಳಿಗೆ ನನಗಿಂತ ಬೇಗ ಅರ್ಥವಾಯಿತು. ಮಾರನೆಯ ದಿನದಿಂದ ಉಳಿದವರಿಗೆ ಹೇಳುವ ಕೆಲಸ ಅವಳೇ ವಹಿಸಿಕೊಂಡಳು.

ಆ ಗುಂಪಿನಲ್ಲಿ ಐದು ತಿಂಗಳ ಬಸುರಿಯೊಬ್ಬಳು ಹೊಗೆಸೊಪ್ಪಿನ ಜೊತೆ ಎಲೆ ಅಡಿಕೆ ಹಾಕುತ್ತಿದ್ದಳು. ಉಪ್ಪಿನಲ್ಲಿ ಹಾಕಿಟ್ಟ ನೆಲ್ಲಿಕಾಯಿಯ ಭರಣಿಯನ್ನು ಅವಳ ಪಕ್ಕದಲ್ಲೇ ಇಟ್ಟೆವು. ಹೊಗೆಸೊಪ್ಪು ಬಿಟ್ಟಳು. ಅಡಿಕೆಯನ್ನು ಪೂರ್ತಿ ಬಿಟ್ಟಳೆಂದು ಹೇಳಲಾರೆ. ಅಡಿಕೆಯ ರಾಶಿಯ ಮುಂದೆಯೇ ಕೂರಿಸಿ ತಿನ್ನಬೇಡ ಎನ್ನುವವರು ನಾವು.

ಮಗಳ ಹಿಮೋಗ್ಲೋಬಿನ್ ನಾಲ್ಕು ವಾರದಲ್ಲಿ 9.6ಕ್ಕೂ ಹೆರಿಗೆಯ ಹೊತ್ತಿಗೆ 10.4ಕ್ಕೂ ಏರಿತು. ವೈದ್ಯರು ಮಾತ್ರೆಯನ್ನು ದಿನಕ್ಕೆ ಎರಡು ಮಾಡಿದ್ದರು, ನಾವು ಹೊತ್ತನ್ನೂ ಬದಲಿಸಿದ್ದೆವು. ಏರಿಕೆಯಲ್ಲಿ ಯಾವುದರ ಪಾಲು ಎಷ್ಟೆಂದು ಬೇರ್ಪಡಿಸಿ ಹೇಳುವುದು ಸಾಧ್ಯವಿಲ್ಲ. ಹಸಿ ಅಕ್ಕಿಯ ಚಟ ಮೂರನೆಯ ವಾರಕ್ಕೇ ನಿಂತಿತು. ಮಗು ಎರಡು ಕಿಲೋ ಎಂಟುನೂರು ಗ್ರಾಂ. "ನಾನೇ ಕೈಯಾರೆ ಕೊಟ್ಟೆನಲ್ಲ" ಎಂದು ನನ್ನ ಹೆಂಡತಿ ಈಗಲೂ ಒಮ್ಮೊಮ್ಮೆ ಹೇಳುವುದುಂಟು. ರಸಾಯನಶಾಸ್ತ್ರ ಓದಿದವನು ಎದುರಿಗೆ ಕುಳಿತು ಪತ್ರಿಕೆ ಓದುತ್ತಿದ್ದನೆಂಬುದನ್ನು ಅವಳು ಎತ್ತುವುದಿಲ್ಲ.

ಕೆಂಪು ಮಾತ್ರೆಗಳು ಉಪಕೇಂದ್ರದಲ್ಲಿಯೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೂ ಉಚಿತ. ಒಂದೊಂದರಲ್ಲಿ 60 ಮಿಲಿಗ್ರಾಂ ಕಬ್ಬಿಣಾಂಶವೂ ಫೋಲಿಕ್ ಆಮ್ಲವೂ ಇರುತ್ತದೆ. ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯ ಮೇಲೆ ಮತ್ತೆ 180 ದಿನ ಎಂಬುದು 2018ರ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮದ ಕ್ರಮ. ರಕ್ತ ಕಡಿಮೆಯಿದ್ದರೆ ವೈದ್ಯರು ಹೆಚ್ಚಿಸುತ್ತಾರೆ. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಂತೆ ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ಉಚಿತ ತಪಾಸಣೆ ಇರುತ್ತದೆ. ಅಂದು ತೋಟದ ಕೆಲಸದ ಬಸುರಿಯರಿಗೆ ಕೂಲಿ ಹಿಡಿಯದೆ ರಜೆ ಕೊಡಲು ಸದಸ್ಯರಿಗೆ ಸಾಧ್ಯವಾಗಬೇಕು. ನಮ್ಮ ತೋಟದಲ್ಲಿ ಈ ವರ್ಷದಿಂದ ಹಾಗೆ ಮಾಡಿದ್ದೇವೆ. ಜೀಪು ಬೆಳಿಗ್ಗೆ ಎಂಟಕ್ಕೆ ಗೇಟಿನಿಂದ ಹೊರಡುತ್ತದೆ. ನೆರೆಯ ತೋಟದವರು ಯಾರನ್ನಾದರೂ ಕಳುಹಿಸುವುದಿದ್ದರೆ ಹಿಂದಿನ ಸಂಜೆ ತಿಳಿಸಿದರೆ ಸಾಕು, ಜಾಗವಿದೆ.